ಕೊನೆಯ ಹನಿ ಗಿಣ್ಣುಹಾಲು

ಮೊನ್ನೆ ಮಾಟುಂಗದ ನಮ್ಮ ಡಾಕ್ಟರು ನನ್ನ ಮಂಡಿ ನೋಡಿ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಬಾಯಲ್ಲಿಟ್ಟರೆ ಸ್ಲೇಟು ನೆಕ್ಕಿದ ರುಚಿ. "ವಯಸ್ಸಾಯ್ತಲ್ಲ, ನುಂಗಿ ಮಾರಾಯ್ರೆ" ಎಂದು ಹೆಂಡತಿ ನೀರು ಕೊಟ್ಟಳು. ಇಂಥ ಡಬ್ಬಿ ನಿಮ್ಮ ಮನೆಯಲ್ಲೂ ಇರಬಹುದು. ನನಗೆ ಮಾತ್ರ ಅದರ ಮೇಲಿನ ಹೆಸರು ಓದಿದೊಡನೆ ಒಂದು ಎಮ್ಮೆ ನೆನಪಾಗುತ್ತದೆ. ಹೆಂಡತಿಗೆ ಹೇಳಿದರೆ ಹೋಲಿಕೆ ಸರಿಯಾಗಿಯೇ ಇದೆ ಎಂದಾಳೆಂದು ಸುಮ್ಮನಿದ್ದೆ.

ಆಗ ನಾನು ಅಂಧೇರಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ನಮಗೆ ಹಾಲು ಬರುತ್ತಿದ್ದುದು ಹತ್ತಿರದ ತಬೇಲಾದಿಂದ. ನಾಲ್ಕೂ ಕಡೆ ಬಿಲ್ಡಿಂಗುಗಳು, ನಡುವೆ ತಗಡಿನ ಮಾಡು, ಅದರಡಿ ಎರಡು ಸಾಲು ಎಮ್ಮೆಗಳು. ಮಾಲಕ ರಾಮ್‌ದುಲಾರ್ ಉತ್ತರಪ್ರದೇಶದವನು. ದಿನಾ ಹೋಗಿ ಬಂದು ನಾನೂ ಅರ್ಧ ಡಾಕ್ಟರಾಗಿದ್ದೆ ಎಂದುಕೊಂಡಿದ್ದೆ. ಕಾಲುಬಾಯಿ ಜ್ವರ ಬಂದರೆ ಜೊಲ್ಲು ಸುರಿಯುತ್ತದೆ, ಎಮ್ಮೆ ಕುಂಟುತ್ತದೆ. ಕೆಚ್ಚಲು ಬಾವು ಬಂದರೆ ಹಾಲು ಒಡೆದಂತೆ ಗಂಟುಗಂಟಾಗುತ್ತದೆ. ಹೊಟ್ಟೆ ಉಬ್ಬರಿಸಿದರೆ ಎಡಪಕ್ಕೆ ತಮಟೆಯ ಹಾಗೆ ಬಿಗಿಯುತ್ತದೆ. ಇಷ್ಟು ಗೊತ್ತಿದ್ದವನು ಹೊಸಬರ ಮುಂದೆ ಎಷ್ಟು ಮಾತಾಡಬಲ್ಲ, ನೀವೇ ಊಹಿಸಿ.

ಮಾತಾಡುವ ಈ ಚಟದಿಂದಲೇ ಅನರ್ಥವಾಯಿತು. ಮಾಟುಂಗದ ನಮ್ಮ ಕನ್ನಡ ಸಂಘದ ಸಭೆಯಲ್ಲಿ, ಈ ಸಲದ ಕೂಟಕ್ಕೆ ಎಲ್ಲರಿಗೂ ಗಿಣ್ಣು ತಿನ್ನಿಸುತ್ತೇನೆ ಎಂದುಬಿಟ್ಟೆ. ಊರು ಬಿಟ್ಟು ಎಷ್ಟು ವರ್ಷವಾದರೂ ನಮ್ಮವರಿಗೆ ಗಿಣ್ಣಿನ ಆಸೆ ಹೋಗಿಲ್ಲ. ಕರು ಹಾಕಿದ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಆಯಿತು. ಆ ಹಾಲು ಸಿಗುವುದೇ ಕಷ್ಟ.

ಅದೇ ವಾರ ತಬೇಲಾದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುವ ರಾಣಿ ಎಂಬ ಎಮ್ಮೆ ಕರು ಹಾಕಿತು. ರಾಮ್‌ದುಲಾರ್ ಹೊಸದಾಗಿ ಕರು ಹಾಕಿದ ಎಮ್ಮೆಯ ಕೆಚ್ಚಲನ್ನು ಪೂರ್ತಿ ಖಾಲಿ ಮಾಡುವವನಲ್ಲ. ಏಕೆಂದು ಅವನಿಗೂ ಗೊತ್ತಿರಲಿಲ್ಲ, ಅವನ ಅಪ್ಪ ಹಾಗೆ ಮಾಡುತ್ತಿದ್ದನಂತೆ. "ಅಣ್ಣಾ, ಥೋಡಾ ಛೋಡ್ ದೂಂ?" ಎಂದ. ಸ್ವಲ್ಪ ಬಿಡಲೇ ಎಂದು ಕೇಳಿದ್ದು. ಕರು ಕುಡಿದಾಯಿತಲ್ಲ, ಇನ್ನು ಕೊನೆಯ ಹನಿಯವರೆಗೂ ಹಿಂಡು ಎಂದೆ. ಹಳೇ ಗಿರಾಕಿಯ ಮಾತು, ಹಿಂಡಿದ. ಹೀಗೆ ಮೂರು ಸಲ.

ಮಾರನೆಯ ಬೆಳಿಗ್ಗೆ ಹೋದಾಗ ರಾಣಿ ನೆಲದ ಮೇಲಿತ್ತು. ಕತ್ತನ್ನು ತಿರುಗಿಸಿ ತಲೆಯನ್ನು ಪಕ್ಕೆಗೆ ಆನಿಸಿತ್ತು. ಕಣ್ಣು ತೆರೆದೇ ಇತ್ತು, ಆದರೆ ರೆಪ್ಪೆಯ ಮೇಲೆ ಕೂತ ನೊಣವನ್ನೂ ಓಡಿಸಲಿಲ್ಲ. ಇಬ್ಬರು ಸೇರಿ ಎಬ್ಬಿಸಲು ನೋಡಿದರೂ ಅಲುಗಲಿಲ್ಲ. ನನಗೆ ಗೊತ್ತಿದ್ದ ಯಾವ ರೋಗವೂ ಅಲ್ಲ ಅದು. ಹೋಟೆಲಿನವನಲ್ಲವೇ, ಯಾವ ಕಾಯಿಲೆಗೂ ಕಷಾಯವೇ ತೋಚುವುದು. ಶುಂಠಿ, ಬೆಲ್ಲ ಕುದಿಸಿ ಚೊಂಬು ಹಿಡಿದು, "ಬಾಯಿ ಬಿಡಮ್ಮಾ, ಸ್ವಲ್ಪ ಕುಡಿ" ಎನ್ನುತ್ತ ಅದರ ದವಡೆ ಬಿಡಿಸುತ್ತಿದ್ದೆ.

"ಅದನ್ನ ಕೆಳಗಿಡ್ರಿ. ಅದಕ್ಕ ಈಗ ನುಂಗಾಕ ಬರಂಗಿಲ್ಲ. ಶ್ವಾಸಕೋಶಕ್ಕ ಇಳೀತದ" ಎಂದಿತು ಬೆನ್ನ ಹಿಂದಿನ ದನಿ. ರಾಮ್‌ದುಲಾರ್ ಕರೆಸಿದ್ದ ದನದ ಡಾಕ್ಟರಮ್ಮ. ವಿಜಯಪುರದ ಕಡೆಯವರು, ನನ್ನ ಗೊಣಗಾಟ ಕೇಳಿ ಕನ್ನಡದಲ್ಲೇ ಹೇಳಿದ್ದರು.

ಅವರು ಮೊದಲು ಎಮ್ಮೆಯ ಕಿವಿ ಹಿಡಿದು ನೋಡಿದರು. ಥರ್ಮಾಮೀಟರ್ ಇಟ್ಟರು. ನಾಲ್ಕೂ ಮೊಲೆಗಳಿಂದ ಒಂದೊಂದು ಹನಿ ಅಂಗೈಗೆ ಹಿಂಡಿ ಬೆಳಕಿಗೆ ಹಿಡಿದರು, ಹಾಲಿನಲ್ಲಿ ಗಂಟಿರಲಿಲ್ಲ. ಆಮೇಲೆ, ಎಷ್ಟು ಹಾಲು ಕರೆದಿದ್ದೀರಿ ಎಂದು ರಾಮ್‌ದುಲಾರನನ್ನು ಹಿಂದಿಯಲ್ಲಿ ಕೇಳಿದರು. ಅವನು ನನ್ನ ಮುಖ ನೋಡಿದ. ಸ್ವಲ್ಪವೇ, ಎಂದ.

ನನ್ನ ಮಾನ ಉಳಿಸಲು ಆಡಿದ ಸುಳ್ಳು ಅದು. ಡಾಕ್ಟರಮ್ಮ ಅದನ್ನು ನಂಬಿ ಬೇರೆ ಕಾಯಿಲೆ ಯೋಚಿಸತೊಡಗಿದ್ದು ಅವರ ಹುಬ್ಬಿನಲ್ಲಿ ಕಾಣುತ್ತಿತ್ತು. ನಾನು ಎಷ್ಟು ಹೊತ್ತು ಸುಮ್ಮನಿದ್ದೆನೋ. ಒಂದು ಉಸಿರಿನಷ್ಟೇ ಇರಬೇಕು, ಆದರೆ ಆ ಉಸಿರು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

"ನಾನೇ ಹಿಂಡಿಸಿದ್ದು ಡಾಕ್ಟ್ರೇ. ಮೂರು ಸಲ, ಪೂರ್ತಿ."

"ಯಾಕ?"

"ಗಿಣ್ಣಿಗೆ."

ಅವರು ಬೈಯಲಿಲ್ಲ. "ನಾವೂ ಗಿಣ್ಣ ಮಾಡ್ತೀವ್ರಿ. ಆದ್ರ ಹಿಂಗ ಬರಿದು ಮಾಡಿದ್ರ ರಕ್ತದಾಗಿನ ಕ್ಯಾಲ್ಸಿಯಂ ಎಲ್ಲಾ ಕೆಚ್ಚಲಕ್ಕ ಇಳೀತದ. ಹಾಲುಜ್ವರ ಅಂತಾರ, ಜ್ವರ ಮಾತ್ರ ಇರಂಗಿಲ್ಲ. ಮುಟ್ಟಿ ನೋಡ್ರಿ." ಮುಟ್ಟಿದೆ. ಒದ್ದೆ ಚರ್ಮದ ತಂಪು. ಜೀವ ಇರುವುದರ ಕಿವಿ ಹಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದ ಔಷಧದ ಬಾಟಲಿಯನ್ನು ನನ್ನ ಕೈಗೇ ಕೊಟ್ಟು, ಕತ್ತಿನ ನರಕ್ಕೆ ಸೂಜಿ ಹಾಕಿದರು. "ಎತ್ತರ ಹಿಡೀಬ್ಯಾಡ್ರಿ. ಔಷಧ ಲಗೂ ಹೋದ್ರ ಎದಿ ನಿಂತುಬಿಡ್ತದ." ಅವರು ಮೊಣಕಾಲೂರಿ ಎಮ್ಮೆಯ ಎದೆಬಡಿತ ಕೇಳುತ್ತ, ಬೆರಳಿನಿಂದಲೇ ಮೇಲೆ, ಕೆಳಗೆ ಎಂದು ನನಗೆ ತೋರಿಸುತ್ತಿದ್ದರು. ಅಷ್ಟು ದೊಡ್ಡ ಪ್ರಾಣಿಯ ಜೀವ ನನ್ನ ಮೊಣಕೈಯ ಎತ್ತರದಲ್ಲಿತ್ತು.

ಮೊದಲು ಪಕ್ಕೆಯ ಚರ್ಮ ಸಣ್ಣಗೆ ನಡುಗಿತು. ಆಮೇಲೆ ಒಂದು ತೇಗು. ಒಣಗಿದ್ದ ಮೂಗಿನ ಮೇಲೆ ಬೆವರಿನ ಹನಿಗಳು ಒಂದೊಂದಾಗಿ ಮೂಡಿದವು, ಮೂಡುವುದನ್ನು ನಾನು ಕಂಡೆ. ಸಗಣಿ ಹಾಕಿತು. ಕತ್ತು ನೆಟ್ಟಗಾಯಿತು. ಬಾಟಲಿ ಮುಗಿದು ಸ್ವಲ್ಪ ಹೊತ್ತಿಗೆ ಹಿಂಗಾಲು ಊರಿ, ಮುಂಗಾಲು ಬಿಡಿಸಿ, ರಾಣಿ ಎದ್ದು ನಿಂತಿತು. ಮೇಲೆ ವಿಮಾನವೊಂದು ತಗಡನ್ನು ನಡುಗಿಸುತ್ತ ಇಳಿಯಿತು, ಯಾರೂ ತಲೆಯೆತ್ತಲಿಲ್ಲ.

ಮತ್ತೆ ಬೀಳಬಹುದು, ನೋಡಿಕೊಳ್ಳಿ, ಕೆಲವು ದಿನ ಅರೆಬರೆಯಷ್ಟೇ ಕರೆಯಿರಿ ಎಂದು ಹೇಳಿ ಡಾಕ್ಟರಮ್ಮ ಇನ್ನೊಂದು ತಬೇಲಾಕ್ಕೆ ಹೊರಟರು, ಏನೂ ನಡೆದೇ ಇಲ್ಲವೆಂಬಂತೆ. ಹೋಟೆಲಿನ ಫ್ರಿಜ್ಜಿನಲ್ಲಿದ್ದ ಗಿಣ್ಣುಹಾಲನ್ನು ಕರುವಿಗೇ ವಾಪಸು ತಂದುಕೊಟ್ಟೆ. ಸಂಘದವರಿಗೆ ಶಿರಾ ಬಡಿಸಿ, ಏಕೆಂದು ಹೇಳಿದೆ. ಕೆಲವರು ನಕ್ಕರು.

ಆ ತಬೇಲಾ ಈಗಿಲ್ಲ. ರಾಮ್‌ದುಲಾರ್ ಎಮ್ಮೆಗಳನ್ನು ಕರೆದುಕೊಂಡು ವಿರಾರ್‌ನಾಚೆ ಹೋದ. ನಿನ್ನೆ ಫೋನು ಮಾಡಿದ್ದ, ಒಂದು ಎಮ್ಮೆ ಕರು ಹಾಕಿದೆಯಂತೆ. ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ. ಎಮ್ಮೆ ಎದ್ದು ನಿಂತಿದೆಯಾ ಎಂದೆ. ಅವನು ಫೋನನ್ನು ಎಮ್ಮೆಯ ಬಾಯಿಯ ಹತ್ತಿರ ಹಿಡಿದ. ದವಡೆ ನಿಧಾನವಾಗಿ ಅರೆಯುವ ಸದ್ದು. ಒಂದು ಗಳಿಗೆ ಆ ಸದ್ದು ನಿಂತಿತು. ತುತ್ತು ನುಂಗಿ ಇನ್ನೊಂದನ್ನು ಬಾಯಿಗೆ ತಂದುಕೊಳ್ಳುವ ಹೊತ್ತು ಅದು, ನನಗೆ ಗೊತ್ತು. ಆದರೂ ಮತ್ತೆ ಅರೆಯತೊಡಗುವವರೆಗೆ ನಾನು ಉಸಿರು ಬಿಡಲಿಲ್ಲ.