ಅವಸರದಕ್ಕ ಇಂಗ್ಲಿಷಿನಲ್ಲಿ ಪಾಳಿ ಒಪ್ಪಿಸಿದ್ದು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಅವಸರದಕ್ಕ ಎಂದೇ. ಕಾಲಿಗೆ ಚಕ್ರ, ಬಾಯಿಗೆ ಬೀಗವಿಲ್ಲ. ಆದರೆ ವರ್ಷಗಟ್ಟಲೆ ಬಿಸಿ ಇಸ್ತ್ರಿಯ ಮುಂದೆ ನಿಂತು ಅವಳ ಕಾಲಿನ ನರಗಳು ಹುರಿಹಗ್ಗದಂತೆ ಉಬ್ಬಿದ್ದವು. ಅಲ್ಲಿ ಕೂತು ಮಾಡುವ ಕೆಲಸವೆಂದರೆ ಮುಖ್ಯಸ್ಥೆಯದೊಂದೇ. ಆ ಜಾಗ ಈಗ ಖಾಲಿ. ಹೊಸ ಮೇಲ್ವಿಚಾರಕನಿಗೋ ಇವರ ಮಾತು ಬಾರದು. "ಯಾರು ಇಂಗ್ಲಿಷಿನಲ್ಲಿ ಪಾಳಿ ಒಪ್ಪಿಸುತ್ತಾರೋ ಅವರಿಗೆ ಆ ಕುರ್ಚಿ" ಎಂದು ಹೇಳಿಸಿಬಿಟ್ಟಿದ್ದ.

ಪಾಳಿ ಒಪ್ಪಿಸುವುದಕ್ಕೆ ಅಲ್ಲೊಂದು ಕಟ್ಟಳೆಯಿತ್ತು. ಹೊರಡುವವಳು ಒಂದೊಂದು ಯಂತ್ರದ ಮೇಲೂ ಕೈಯಿಟ್ಟು ಅದರ ಸ್ಥಿತಿ ಹೇಳಬೇಕು. ಬಂದವಳು ಅದನ್ನೇ ತಿರುಗಿ ಹೇಳಿ, ಆಮೇಲೆ ಬಾಗಿಲು ತೆರೆಯಬೇಕು. ಹಳೆಯ ಯಂತ್ರಗಳು, ತಿರುಗುತ್ತಿರುವಾಗಲೂ ಬಾಗಿಲು ತೆರೆದುಕೊಳ್ಳುವಂಥವು, ಒಳಗೆ ಕುದಿನೀರು. ಹೇಳಿದ ಮಾತೇ ಅಲ್ಲಿ ಬೀಗ.

ಮನೆಯಲ್ಲಿ ಸೊಸೆಯೇ ಮೇಷ್ಟ್ರು. ಅಡುಗೆಮನೆಯಲ್ಲಿ ಪಾಠ.

"ಐ ವಾಶ್ಡ್ ಅಂದ್ರೆ ತೊಳೆದೆ. ಐ ಹ್ಯಾವ್ ವಾಶ್ಡ್ ಅಂದ್ರೆ ತೊಳೆದಿದ್ದೀನಿ. ಅಷ್ಟೇ ಅತ್ತೆ."

"ಅದು ನಮ್ಮಲ್ಲೂ ಇದೆ ಬಿಡೇ. ಮುಂದಕ್ಕೆ ಹೋಗು."

"ಈಗ ಬಟ್ಟೆ ಕಡೆಯಿಂದ ಹೇಳ್ಬೇಕು. ದಿ ಶೀಟ್ಸ್ ಹ್ಯಾವ್ ಬೀನ್ ವಾಶ್ಡ್. ಹೊದಿಕೆಗಳು ತೊಳೆಯಲ್ಪಟ್ಟಿವೆ."

"ತೊಳೆದಿದ್ದು ಯಾರು, ದೆವ್ವವಾ?"

"ಯಾರಾದ್ರೇನು? ಆಸ್ಪತ್ರೆಗೆ ಹೊದಿಕೆ ಮುಖ್ಯ."

"ಬೆನ್ನು ಮುರಿದಿರೋದು ನನ್ನದು, ಹೆಸರು ಹೊದಿಕೆಗಾ? ಚೆನ್ನಾಗಿದೆ ನಿನ್ನ ಇಂಗ್ಲಿಷು!"

ಬೈದರೂ ಬಿಡಲಿಲ್ಲ. ಬಸ್ಸಿನಲ್ಲಿ, ಬಚ್ಚಲಲ್ಲಿ, ಅನ್ನದ ತಟ್ಟೆಯ ಮುಂದೆ ಅದೇ ಗೊಣಗು. ಒಂದನೆಯ ಯಂತ್ರದ್ದು ಒಣಗಿದೆ, ಎರಡನೆಯದು ಖಾಲಿ, ಮೂರನೆಯದು ತೊಳೆದು ಮುಗಿದಿದೆ ಎಂಬ ಕ್ರಮದಲ್ಲೇ ಉರು ಹೊಡೆದಳು. ಮಲಗಿದರೂ ಕಾಲಿನ ಹೆಬ್ಬೆರಳು ಆ ಲಯಕ್ಕೇ ಕುಣಿಯುತ್ತಿತ್ತು. "ಅಮ್ಮಾ, ಸ್ವಲ್ಪ ಸುಮ್ಮನಿರು" ಎಂದ ಮಗನಿಗೂ "ವೇಟ್!" ಎಂದು ಗದರಿದಳು.

ಆ ದಿನ ಬಂತು. ಮೇಲ್ವಿಚಾರಕ ಕೈಕಟ್ಟಿ ನಿಂತ. ಒಂದನೆಯದು ಸರಾಗ, ಎರಡನೆಯದೂ ಸರಾಗ. ಅಂದು ವಾರ್ಡಿನಿಂದ ಬಟ್ಟೆಯ ಗಂಟುಗಳು ತಡವಾಗಿ ಬಂದಿದ್ದರಿಂದ ಮೂರನೆಯದು ಇನ್ನೂ ತಿರುಗುತ್ತಿತ್ತು. ಕೈಯಿಟ್ಟಳು. ಯಂತ್ರದ ಅದುರು ಅಂಗೈಗೆ ತಾಗಿತು. ಬಾಯಿ ಮಾತ್ರ ಉರು ಹೊಡೆದದ್ದನ್ನೇ ಕಕ್ಕಿತು: "ದಿ ಶೀಟ್ಸ್ ಹ್ಯಾವ್ ಬೀನ್ ವಾಶ್ಡ್."

ಹೊಸ ಪಾಳಿಯ ಹುಡುಗಿ ಕಟ್ಟಳೆಯಂತೆ ತಿರುಗಿ ಹೇಳಿ ಬಾಗಿಲ ಹಿಡಿಗೆ ಕೈಹಾಕಿದಳು.

"ಮುಟ್ಬೇಡ್ವೇ! ಸುಟ್ಟುಹೋಗ್ತೀಯ!" ಅವಸರದಕ್ಕ ಅವಳ ಕೈಯನ್ನು ಪಟ್ಟನೆ ಹೊಡೆದು ಕೆಡವಿದಳು.

"ನೀವೇ ಮುಗೀತು ಅಂದ್ರಲ್ಲಕ್ಕಾ!" ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು.

ಮೇಲ್ವಿಚಾರಕ ಗಡಿಯಾರ ನೋಡಿ, ಸಾಕು ಎಂಬಂತೆ ಹೊರಟ. ಕುರ್ಚಿ ಕೈಜಾರಿತೆಂದು ಅವಳಿಗೆ ತಿಳಿಯಿತು. ಆದರೆ ನಡುವೆ ಮುರಿದ ಒಪ್ಪಿಸುವಿಕೆಯನ್ನು ಮೊದಲ ಯಂತ್ರದಿಂದಲೇ ಶುರುಮಾಡಬೇಕು ಎಂಬುದೂ ಅಲ್ಲಿನ ಕಟ್ಟಳೆಯೇ. ಅರ್ಧಕ್ಕೆ ಬಿಟ್ಟು ಹೋದರೆ ಮುಂದಿನ ಪಾಳಿಯವರ ಕೈ ಬೇಯುತ್ತದೆ. ದಾರಿಗೆ ಅಡ್ಡನಿಂತು "ಸ್ಟಾಪ್ ಸರ್. ಐ ಸೆಡ್ ರಾಂಗ್. ಅಗೇನ್" ಎಂದಳು.

ಮತ್ತೆ ಒಂದನೆಯದರ ಬಳಿ ಹೋದಳು. ಈ ಸಲ ಕೈ ಮೊದಲು, ಮಾತು ಆಮೇಲೆ. ಜನ್ಮದಲ್ಲಿ ಅಷ್ಟು ನಿಧಾನವಾಗಿ ಅವಳು ಏನನ್ನೂ ಮಾಡಿರಲಿಲ್ಲ; ಒಳಗೆ ಜೀವ ಚಡಪಡಿಸುತ್ತಿತ್ತು. ಮೂರನೆಯದರ ಮೇಲೆ ಕೈಯಿಟ್ಟು, ತಡವರಿಸಿ, ಅಂದಳು: "ನೌ ವಾಶಿಂಗ್. ನಾಟ್ ಓಪನ್." ಹುಡುಗಿ ತಿರುಗಿ ಹೇಳಿ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಮೇಲ್ವಿಚಾರಕ ಕೊನೆಯ ಯಂತ್ರದವರೆಗೂ ಜೊತೆಗೇ ನಡೆದ. ಕೊನೆಗೆ "ಕಮ್ ಟುಮಾರೋ, ಸಿಟ್" ಎಂದ.

ಸಂಜೆ ಸೊಸೆ ಬಾಗಿಲಲ್ಲೇ ಕೇಳಿದಳು: "ಏನಾಯ್ತು ಅತ್ತೆ? ವಾಕ್ಯ ಸರಿಯಾಗಿ ಬಂತಾ?"

"ಕುರ್ಚಿ ಬಂತು. ನಿನ್ನ ವಾಕ್ಯ ಒಂದು ಹುಡುಗಿ ಕೈ ಬೇಯಿಸ್ತಿತ್ತು" ಎಂದು ಚಪ್ಪಲಿ ಕಳಚುತ್ತಲೇ ಗದರಿದಳು ಅವಸರದಕ್ಕ. "ನಾಳೆ ನನ್ನ ಜೊತೆ ಬಾ. ಯಂತ್ರದ ಮೇಲೆ ಕೈಯಿಟ್ಟು ಹೇಳ್ಕೊಡು. ಅಡುಗೆಮನೇಲಿ ಕಲಿತ ಇಂಗ್ಲಿಷು ಅಡುಗೆಮನೆಗೇ ಸರಿ."