ಮುನ್ನೂರ ನಾಲ್ಕರ ಉಪ್ಪಿಟ್ಟು

೨೦೦೬ರ ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಅಮರೇಶ್ ಹಿಂದೂಪುರದ ಹುಣಸೆ ಮಂಡಿಯ ಮೇಲುಕೋಣೆಯಲ್ಲಿ ಕುಳಿತು ಸರ್ವರ್ ಲಾಗ್ ಓದಿ ಹೇಳುತ್ತಿದ್ದ. ಅವನ ಸೋದರಮಾವ ಮರುಳಸಿದ್ದಪ್ಪ ಕಂಪ್ಯೂಟರಿಗೆ ಊದುಬತ್ತಿ ಬೆಳಗಿ, ಪಂಚಾಂಗ ಕೇಳುವವರಂತೆ ಕಣ್ಣು ಮುಚ್ಚಿದ್ದರು.

ಮಂಡಿಯ ಜೊತೆಗೆ ಮಾವ ತಮ್ಮ ಜನಕ್ಕೆಂದು ವಧೂವರರ ವೆಬ್‌ಸೈಟ್ ನಡೆಸುತ್ತಿದ್ದರು. ಪ್ರತಿ ಮನೆಗೂ ಒಂದು ಲಾಗಿನ್ ಹೆಸರಿದ್ದುದರಿಂದ ಯಾರು ಯಾವ ಫೋಟೋ ಕೇಳಿದರು, ಸರ್ವರ್ ಏನು ಉತ್ತರ ಕೊಟ್ಟಿತು ಎಂಬುದೆಲ್ಲ ಲಾಗ್ ಎಂಬ ಸರ್ವರಿನ ದಿನಚರಿಯಲ್ಲಿ ಬೀಳುತ್ತಿತ್ತು. ಬಿ.ಎಸ್ಸಿ. ಓದಿದ ಅಮರೇಶ್ ಸರ್ವರ್ ಕೊಡುವ ಉತ್ತರಗಳ ಸಂಖ್ಯೆಗಳನ್ನು ಮಾವನಿಗೆ ಕಲಿಸಿದ್ದ. ಮಾವ ಅವನ್ನು ಸಂಸಾರಕ್ಕೆ ಒಗ್ಗಿಸಿಕೊಂಡಿದ್ದರು. ೪೦೪, ಕೇಳಿದ ಪುಟವಿಲ್ಲ: ಹುಡುಗನಿಗೆ ಮದುವೆಯಾಗಿದೆ. ೪೦೩, ಪ್ರವೇಶವಿಲ್ಲ: ಎರಡು ಮನೆಯ ಬೆಡಗು, ಅಂದರೆ ಗೋತ್ರ, ಒಂದೇ ಇರಬೇಕು. ೫೦೦ ಬಂದರೆ ತಪ್ಪು ಸರ್ವರಿನದು. ಆ ದಿನ ಮನೆದೇವರಿಗೆ ಕಾಯಿ ಒಡೆಸುತ್ತಿದ್ದರು.

ಅಂದು ಓದುತ್ತಿದ್ದ ಲಾಗಿನ ಸಾಲು ಅಮರೇಶನದೇ ಫೋಟೋ ಕುರಿತದ್ದು. ಕೇಳಿದ್ದು ಕಲ್ಯಾಣದುರ್ಗದ ಬಟ್ಟೆ ಅಂಗಡಿಯ ದ್ರಾಕ್ಷಾಯಣಮ್ಮನವರ ಮನೆ. ಆ ಅಂಗಡಿಗೆ ಕಂಪ್ಯೂಟರ್ ಕೂರಿಸಲು ಹೋದಾಗ ಅವರ ಮಗಳು ದಿವ್ಯಳನ್ನು ನೋಡಿದ್ದ ಅಮರೇಶ್, ಮದುವೆಯಾದರೆ ಇವಳನ್ನೇ ಎಂದುಕೊಂಡಿದ್ದ. ಮೊದಲ ದಿನ ೨೦೦ ಬಂದಿತ್ತು, ಅಂದರೆ ಫೋಟೋ ತಲುಪಿತ್ತು. ಆಮೇಲೆ ದಿನಾ ೩೦೪. ಎಷ್ಟು ಬೈಟ್ ಹೋಯಿತೆಂಬಲ್ಲಿ ಬರೀ ಅಡ್ಡಗೆರೆ.

"ದಿನಾ ಬತ್ತಾರೆ, ಏನೂ ಮುಟ್ಟದೆ ಹೋಯ್ತಾರೆ," ಎಂದರು ಮಾವ. "ಹೆಣ್ಣು ನೋಡೋಕ್ ಬಂದೋರು ಉಪ್ಪಿಟ್ಟು ಮುಟ್ದೆ ಎದ್ದ್ರೆ ಏನ್ಲಾ ಅರ್ಥ? ಸಂಬಂಧ ಬ್ಯಾಡ ಅಂತ. ಫೋನ್ ಮಾಡಿ ನಮಗೂ ಬ್ಯಾಡ ಅಂದ್ಬುಡ್ತೀನಿ."

"ಹಂಗಲ್ಲ ಮಾವ. ಫೋಟೋ ಆಗ್ಲೇ ಅವರ ಕಂಪ್ಯೂಟರ್ನಾಗೆ ಐತೆ. ಬದಲಾಗೈತಾ ಅಂತ ಕೇಳ್ತದೆ, ಬದಲಾಗಿಲ್ಲ ಅಂತೀವಿ, ಅದೇ ಮುನ್ನೂರ ನಾಲ್ಕು. ಇಟ್ಕೊಂಡಿರೋದನ್ನೇ ನೋಡ್ತಾರೆ."

"ತಿಂದೋರು ತಟ್ಟೇಲಿ ಗೆರೆ ಎಳೆದು ಹೋಯ್ತಾರೇನ್ಲಾ? ಸರಿ ಬಿಡ್ಲಾ, ಉಪ್ಪಿಟ್ಟು ಬ್ಯಾಡಾಂದ್ರೆ ಕೇಸರಿಬಾತ್ ಇಡಾನ. ಬ್ಯಾರೆ ಫೋಟೋ ಹಾಕು."

ಫೋನು ತಪ್ಪಿತಲ್ಲ ಎಂದು ಅಮರೇಶ್ ಒಪ್ಪಿದ. ಮಾವ ಸ್ಟುಡಿಯೋಗೆ ಕರೆದೊಯ್ದು ಅವನ ಮೀಸೆ ತೆಗೆಸಿ, ಪೇಟ ಸುತ್ತಿಸಿ, ಹಿಂದೆ ಜಲಪಾತದ ಪರದೆ ಇಳಿಬಿಡಿಸಿದರು. ಹಳೆಯದರ ಜಾಗಕ್ಕೆ ಅದೇ ಫೈಲ್ ಹೆಸರಿನಲ್ಲಿ ಹೊಸ ಫೋಟೋ ಸರ್ವರಿಗೆ ಏರಿತು.

ಮರುದಿನದ ಲಾಗಿನಲ್ಲಿ ೨೦೦. ಅಡ್ಡಗೆರೆ ಇದ್ದಲ್ಲಿ ತುಂಬ ಬೈಟು.

"ತಿಂದ್ರು ಕಣ್ಲಾ," ಎಂದು ಮಾವ ತೊಡೆ ತಟ್ಟುವಷ್ಟರಲ್ಲಿ ಫೋನ್ ಬಂತು. ದ್ರಾಕ್ಷಾಯಣಮ್ಮನವರು.

"ಸಾವ್ಕಾರ್ರೇ, ಆ ಫೋಟೋ ಯಾಕ್ ತೆಗೆದ್ರಿ? ನಮ್ ಹುಡುಗಿ ದಿನಾ ಅಂಗಡಿ ತೆರೆದ್ರೆ ಮೊದ್ಲು ಅದನ್ನೇ ನೋಡ್ತಿದ್ಲು. ಇವತ್ತು ಯಾರೋ ನಾಟಕದೋನು ಬಂದ್ಬುಟ್ಟವ್ನೆ ಅಂತ ಉಪ್ಪಿಟ್ಟೂ ಮುಟ್ಟಿಲ್ಲ ಕಣಪ್ಪ. ಹಳೇದು ಹಾಕಿ, ಆಮೇಲೆ ಮಾತಿಗೆ ಬನ್ನಿ."

ಮಾವ ಫೋನಿಟ್ಟು ಕಂಪ್ಯೂಟರಿನ ಮೇಲೆ ಬಿದ್ದಿದ್ದ ಊದುಬತ್ತಿಯ ಬೂದಿ ಒರೆಸಿದರು. "ಹಾಕ್ಲಾ, ಮೀಸೆದು," ಎಂದರು.

ಮೀಸೆ ಬೆಳೆಯುವವರೆಗೆ ಕಾದು ಮಾತುಕತೆಗೆ ಹೋದರು, ಕಾರ್ತೀಕದಲ್ಲಿ ಮದುವೆಯಾಯಿತು. ವರ್ಷ ಕಳೆದ ಮೇಲೊಂದು ದಿನ ಮಂಡಿಯಲ್ಲಿ ಮಾವ ಕೇಳಿದರು:

"ಏನ್ಲಾ, ದಿವ್ಯ ಈಗ್ಲೂ ಹಂಗೇ ನೋಡ್ತಾಳಾ, ಇಲ್ಲಾ ಬದಲಾದ್ಲಾ?"

ಅಮರೇಶ್ ಮೀಸೆ ಸವರಿಕೊಂಡು ಹೇಳಿದ, "ಮುನ್ನೂರ ನಾಲ್ಕು."