ಸಿನಿಮಾದಿಂದ ಕಲಿತ ಹಿಂದಿ

ನಾನು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ಉದ್ಯಾವರಕ್ಕೆ ಬಂದು ನೆಲೆಸಿದೆವು. ಮಣಿಪಾಲದ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತು. ಭಾನುವಾರಗಳಲ್ಲಿ ಅಮ್ಮನ ಜೊತೆ ಹಳೆಯ ಹಿಂದಿ ಚಿತ್ರಗಳನ್ನು ನೋಡುತ್ತ, ನಾಯಕಿ ಬಾಯಿ ತೆರೆಯುವ ಮೊದಲೇ ನಾವು ಅವಳ ಮಾತನ್ನು ಹೇಳಿ ಮುಗಿಸುತ್ತಿದ್ದೆವು. ಅಮ್ಮನೂ ಹೋದ ಮೇಲೆ, ರಜೆಯ ದಿನ ಸಂಜೆಯವರೆಗೂ ಒಂದು ಮಾತನ್ನೂ ಆಡದೆ ಕಳೆದದ್ದುಂಟು.

ಕಳೆದ ವರ್ಷ ಒಂದು ಬೆಳಿಗ್ಗೆ ಹೃದ್ರೋಗ ವಾರ್ಡಿನ ನರ್ಸ್ ನನ್ನನ್ನು ಹುಡುಕಿಕೊಂಡು ಬಂದಳು.

"ನಿಮಗೆ ಹಿಂದಿ ಬರ್ತದಲ್ವಾ? ನೈಜೀರಿಯಾದ ಅಜ್ಜಿ ಒಬ್ಬರಿದ್ದಾರೆ. ಇಂಗ್ಲಿಷ್ ಬರುವುದಿಲ್ಲ, ಹಿಂದಿ ಮಾತಾಡ್ತಾರೆ ಮಾರಾಯ್ರೆ!"

ಅವರ ಗಂಡನಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಜೊತೆಗೆ ಬರಬೇಕಿದ್ದ ಮಗನಿಗೆ ವೀಸಾ ಸಿಕ್ಕಿರಲಿಲ್ಲ. ಹಳದಿ ಶಾಲು ಹೊದ್ದು ಕುಳಿತಿದ್ದ ಅಜ್ಜಿ ನನ್ನನ್ನು "ಬೆಹನ್" ಎಂದು ಕರೆದರು. ಅವರ ಊರಿನ ಟಾಕೀಸಿನಲ್ಲಿ ಹಿಂದಿ ಚಿತ್ರಗಳೇ ಹೆಚ್ಚಂತೆ. ಪರದೆಯ ಕೆಳಗೆ ಮೂಡುವ ಇಂಗ್ಲಿಷ್ ಅಕ್ಷರ ಓದಲು ಬಾರದಿದ್ದರೂ ಒಂದೊಂದು ಚಿತ್ರವನ್ನು ಹತ್ತು ಸಲ ನೋಡಿ, ಹೆಂಗಸರೆಲ್ಲ ಅತ್ತು, ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಅವರ ಹಿಂದಿಯಲ್ಲಿ ಪ್ರೀತಿ ಇತ್ತು, ಆಣೆ ಇತ್ತು, ಅಗಲಿಕೆ ಇತ್ತು. ಮಾತ್ರೆ, ಮೂತ್ರ, ಖಾಲಿ ಹೊಟ್ಟೆ ಇವಕ್ಕೆಲ್ಲ ಮಾತೇ ಇರಲಿಲ್ಲ. ಅವನ್ನು ನಾನು ಕೈಸನ್ನೆಯಲ್ಲಿ ತೋರಿಸಿದೆ. ಡಾಕ್ಟರು ಹೇಳಿದಂತೆ 'ದಿಲ್' ಒಳಗಿನ ಕವಾಟ ಬದಲಿಸಬೇಕು ಎಂದು ನಾನು ತಿಳಿಸಿದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಇವರ ದಿಲ್ ಬದಲಿಸುತ್ತಾರಾ? ಆಮೇಲೆ ಅದರಲ್ಲಿ ನಾನಿರುತ್ತೇನಾ?"

"ಎಂತ ಹೇಳಿದ್ರು?" ಎಂದರು ಡಾಕ್ಟರು.

"ಹೆದರಿಕೆ ಉಂಟಂತೆ ಡಾಕ್ಟ್ರೇ" ಎಂದೆ. ಆ ಮಾತನ್ನು ಇದ್ದ ಹಾಗೆ ಕನ್ನಡಕ್ಕೆ ತರಲು ನನ್ನಿಂದಾಗಲಿಲ್ಲ. ಕಾಗದದಲ್ಲಿ ಒಂದು ಮನೆ ಬರೆದು, ಮನೆ ಅದೇ, ಬಾಗಿಲು ಮಾತ್ರ ಹೊಸದು ಎಂದು ತೋರಿಸಿದೆ. ಅಜ್ಜಿ ಬಹಳ ಹೊತ್ತು ಚಿತ್ರ ನೋಡಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಶಸ್ತ್ರಚಿಕಿತ್ಸೆಯ ದಿನ ರಜೆ ಹಾಕಿ ಅವರ ಪಕ್ಕ ಬೆಂಚಿನಲ್ಲಿ ಕುಳಿತೆ. ನಿನ್ನ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. "ಕೋಯಿ ನಹೀಂ", ಯಾರೂ ಇಲ್ಲ ಎಂದೆ. ಆ ಎರಡು ಶಬ್ದಗಳನ್ನು ವಿವರಿಸಬೇಕಾಗಲಿಲ್ಲ. ಅವರು ಶಾಲಿನ ಅಂಚನ್ನು ನನ್ನ ಮೊಣಕಾಲಿನ ಮೇಲೆ ಹೊದಿಸಿದರು. ಸ್ವಲ್ಪ ಹೊತ್ತಿಗೆ ಒಂದು ಹಾಡು ಗುನುಗತೊಡಗಿದರು. ಅಮ್ಮ ತೆಂಗಿನಕಾಯಿ ತುರಿಯುವಾಗ ಹಾಡುತ್ತಿದ್ದ ಹಾಡು ಅದು. ಎರಡನೆಯ ಸಾಲು ಅವರಿಗೆ ಮರೆತುಹೋಗಿತ್ತು. ನಾನು ಹೇಳಿಕೊಡಲು ಹೋಗಿ ಅತ್ತುಬಿಟ್ಟೆ. ಅಮ್ಮ ಸತ್ತ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಅವರ ಗಂಡ ಗುಣವಾದರು. ಮೂರು ವಾರಗಳ ಮೇಲೆ ಇಬ್ಬರೂ ಟ್ಯಾಕ್ಸಿ ಹತ್ತಿದರು. ಅವರು ಊರು ಮುಟ್ಟಿದರೆಂದು ಮಗನಿಂದ ಒಂದು ಸಂದೇಶ ಬಂತು, ಹಬ್ಬಕ್ಕೆ ಇನ್ನೊಂದು. ಆಮೇಲೆ ಇಲ್ಲ.

ಆ ವಾರ್ಡಿನಲ್ಲಿ ನನಗೆ ಈಗ ಕೆಲಸವಿಲ್ಲ. ಆದರೂ ಊಟದ ಬಿಡುವಿನಲ್ಲಿ ಒಮ್ಮೊಮ್ಮೆ ಅಲ್ಲಿಯವರೆಗೆ ನಡೆದು ಬರುತ್ತೇನೆ. ನನ್ನ ಹಿಂದಿ ಬೇಕಿಲ್ಲದ ಕಾರ್ಕಳದವರು, ಕಾಪುವಿನವರು ತಮ್ಮ ತಮ್ಮವರಿಗಾಗಿ ಕಾದು ಕುಳಿತಿರುತ್ತಾರೆ. ನಾನು ಆ ಬೆಂಚಿನ ಬಳಿ ಸ್ವಲ್ಪ ಹೊತ್ತು ನಿಂತು ಹಿಂದಿರುಗುತ್ತೇನೆ.